ಅಮ್ಮ ಯಾಕೆ ಹೀಗೆ ಮಾಡುತ್ತಾರೆ? ಡಿಮೆನ್ಷಿಯಾ ಮುಂದುವರಿದಂತೆ ಬದಲಾಗುವ ನಡವಳಿಕೆ

ಹಿರಿಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಅಮ್ಮನಿಗೆ ಅಲ್ಝೈಮರ್, ಅಂದರೆ ಮೆದುಳು ನಿಧಾನ ಕೆಡುವ ಡಿಮೆನ್ಷಿಯಾದ ಒಂದು ಬಗೆ, ಅಂತ ಡಾಕ್ಟರ್ ಹೇಳಿ 6 ವರ್ಷ ಆಯಿತು. ಡಿಮೆನ್ಷಿಯಾ ಅಂದರೆ ಮರೆವು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮರೆವು ನಮ್ಮನ್ನು ಅಷ್ಟೇನೂ ಹೈರಾಣ ಮಾಡಲಿಲ್ಲ. ಒಂದೇ ಮಾತನ್ನು ಹತ್ತು ಸಲ ಕೇಳಿದರೆ ಹತ್ತು ಸಲ ಹೇಳಬಹುದು. ಹೈರಾಣ ಮಾಡಿದ್ದು ಅವರ ಅನುಮಾನ, ಸಿಟ್ಟು, ಹೊತ್ತು ಇಳಿಯುತ್ತಿದ್ದಂತೆ ಶುರುವಾಗುವ ಚಡಪಡಿಕೆ, ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಚಿಲಕ ತೆಗೆಯುವುದು.

ಈಗ ಯೋಚಿಸಿದರೆ ಮೊದಲು ಬಂದದ್ದು ಮರೆವೇ ಅಲ್ಲ. ಅಮ್ಮ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದವರು. ಮಿಷನ್ನಿನ ಸದ್ದು ಕೇಳದ ದಿನವೇ ಇರಲಿಲ್ಲ. ಒಂದು ದಿನ ಕಿಟಕಿಯ ಪರದೆಗೆ ಅಂಚು ಹೊಲಿಯುತ್ತಾ ಕೂತವರು ಅರ್ಧಕ್ಕೇ ಎದ್ದರು. ಸೂಜಿ ಬಟ್ಟೆಯೊಳಗೆ ಇಳಿದೇ ಇತ್ತು. ತಿಂಗಳಾಯಿತು, ಎರಡು ತಿಂಗಳಾಯಿತು, ಆ ಪರದೆ ಹಾಗೇ ಮಿಷನ್ನಿನ ಮೇಲೆ ಜೋತಾಡುತ್ತಿತ್ತು. ಕೇಳಿದರೆ "ಮಾಡೋಣ ಬಿಡು" ಅನ್ನುತ್ತಿದ್ದರು. ಅಳು ಇಲ್ಲ, ದುಃಖ ಇಲ್ಲ, ಸುಮ್ನೆ ಕೂತಿರುವುದು. ವಯಸ್ಸಾಯಿತು, ಸೋಮಾರಿತನ ಬಂತು ಅಂದುಕೊಂಡೆವು. ತಮ್ಮ ಗದರಿದ್ದೂ ಉಂಟು. ಅದು ಕಾಯಿಲೆಯೇ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಆಮೇಲೆ ಕತ್ತರಿಯ ಕಥೆ. ಕತ್ತರಿಯನ್ನು ಅಮ್ಮನೇ ಎಲ್ಲೋ ಜೋಪಾನ ಮಾಡಿ ಇಡುತ್ತಿದ್ದರು, ಇಟ್ಟಿದ್ದು ಮರೆಯುತ್ತಿತ್ತು, ನಾನು ಕದ್ದೆ ಅನ್ನುತ್ತಿದ್ದರು. ಹೆತ್ತ ತಾಯಿ ಮುಖಕ್ಕೆ ಮುಖ ಕೊಟ್ಟು "ಕಳ್ಳಿ" ಅಂದಾಗ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ನಾನು ಪ್ರತಿ ಸಲ ವಾದ ಮಾಡಿದೆ. ದಿಂಬಿನ ಕೆಳಗಿಂದ ಕತ್ತರಿ ತೆಗೆದು ತೋರಿಸಿ "ನೋಡು, ನೀನೇ ಇಟ್ಟಿದ್ದು" ಅಂದೆ. "ಈಗ ತಂದಿಟ್ಟೆಯಾ?" ಅಂದರು. ಅಲ್ಲಿಗೆ ಮುಗಿಯಿತು.

ಈಗ ಅಮ್ಮನಿಗೆ ಮಾತು ಬಹುತೇಕ ಹೋಗಿದೆ. ಹಾಸಿಗೆಯಿಂದ ಕುರ್ಚಿಗೆ ನಾವೇ ಕೂರಿಸಬೇಕು. ಎರಡು ವರ್ಷದಿಂದ ಶಾಂತವಾಗಿದ್ದರು. ಆದರೆ ಹತ್ತು ದಿನದಿಂದ ಕೂಗುತ್ತಿದ್ದಾರೆ. ಚಮಚ ಬಾಯಿಯ ಹತ್ತಿರ ತಂದರೆ ಕೈಯಿಂದ ತಳ್ಳುತ್ತಾರೆ. ಮುಖ ತೊಳೆಸಲು ಹೋದರೆ ಹೊಡೆಯಲು ಬರುತ್ತಾರೆ. ಕಾಯಿಲೆ ಜಾಸ್ತಿ ಆಗಿದೆ, ನಿದ್ದೆ ಬರುವ ಮಾತ್ರೆ ಕೊಡಿಸಿಬಿಡಿ ಅಂತ ಮನೆಯವರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಿಮ್ಮ ಮನೆಗಳಲ್ಲಿ ಯಾವ ಹಂತದಲ್ಲಿ ಏನು ಕಂಡಿತು, ಏನು ಮಾಡಿದಿರಿ, ದಯವಿಟ್ಟು ಬರೆಯಿರಿ.

ವಾರ್ಡಿನವಳು:

ಅಕ್ಕಾ, ಮೊದಲು ನಿಮ್ಮ ಕೊನೆಯ ಪ್ಯಾರಾಕ್ಕೆ ಉತ್ತರ. ಮಿಕ್ಕಿದ್ದು ಆಮೇಲೆ.

ಹತ್ತು ದಿನದ ಹಿಂದೆ ಇರಲಿಲ್ಲ, ಈಗ ಇದೆ ಅಂದರೆ ಅದನ್ನು "ಕಾಯಿಲೆ ಮುಂದುವರಿದಿದೆ" ಅಂತ ಬಿಡಬೇಡಿ. ಅಲ್ಝೈಮರ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನ ಇಳಿಯುವ ಕಾಯಿಲೆ. ಕೆಲವೇ ದಿನಗಳಲ್ಲಿ ನಡವಳಿಕೆ ಬದಲಾದರೆ ದೇಹದಲ್ಲಿ ಬೇರೇನೋ ಆಗಿದೆ ಅಂತಲೇ ಹುಡುಕಬೇಕು. ಮೂತ್ರದ ಸೋಂಕು, ಮಲಬದ್ಧತೆ, ನ್ಯುಮೋನಿಯಾ, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಬಿದ್ದ ಪೆಟ್ಟು, ನೋವು. ಡಿಮೆನ್ಷಿಯಾದ ಮೇಲೆ ಹೀಗೆ ದಿಢೀರ್ ಗೊಂದಲ ಬಂದು ಕೂತರೆ ಡೆಲಿರಿಯಂ ಅನ್ನುತ್ತೇವೆ. ಅದು ತುರ್ತಿನ ವಿಷಯ. ಕೂಗಾಟ ಇರುವ ಡೆಲಿರಿಯಂ ಎಲ್ಲರ ಕಣ್ಣಿಗೂ ಬೀಳುತ್ತದೆ. ಇದ್ದಕ್ಕಿದ್ದಂತೆ ಮಂಕಾಗಿ ಮಲಗಿಬಿಡುವ ಡೆಲಿರಿಯಂ ಯಾರ ಕಣ್ಣಿಗೂ ಬೀಳದೆ ಜೀವಕ್ಕೇ ಅಪಾಯ ತರುತ್ತದೆ.

ನೀವು ಬರೆದ ಎರಡು ಸಂಗತಿ ಒಂದೇ ಕಡೆ ಬೆರಳು ತೋರಿಸುತ್ತಿವೆ: ಚಮಚ ತಳ್ಳುವುದು, ಮುಖ ಮುಟ್ಟಿಸಿಕೊಳ್ಳದಿರುವುದು. ಬಾಯೊಳಗೆ ನೋಡಿದ್ದೀರಾ? ಹಲ್ಲು, ವಸಡು, ನಾಲಿಗೆಯ ಕೆಳಗೆ, ಕಿವಿ? ಮಾತು ಹೋದವರಿಗೆ "ಹಲ್ಲು ನೋಯುತ್ತಿದೆ" ಅನ್ನಲು ಆಗುವುದಿಲ್ಲ. ಆದರೆ ನೋವು ನೋವೇ. ಹುಬ್ಬು ಗಂಟಿಕ್ಕುವುದು, ನರಳುವುದು, ಉಸಿರು ಬದಲಾಗುವುದು, ಮೈ ಬಿಗಿಯುವುದು, ಎಷ್ಟು ಸಮಾಧಾನ ಮಾಡಿದರೂ ಸುಮ್ಮನಾಗದಿರುವುದು, ಇವನ್ನು ನೋಡಿಯೇ ನಾವು ವಾರ್ಡಿನಲ್ಲಿ ನೋವನ್ನು ಅಳೆಯುತ್ತೇವೆ. ನಾಳೆಯೇ ಡಾಕ್ಟರಿಗೆ ತೋರಿಸಿ. ನಿದ್ದೆ ಮಾತ್ರೆ ಆಮೇಲೆ ನೋಡೋಣ.

ಹಿರಿಮಗಳು:

ಹಲ್ಲಿನ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಬಾಯಿ ತೆರೆಸುವುದೇ ಕಷ್ಟ ಅಂತ ಎರಡು ವಾರದಿಂದ ಸರಿಯಾಗಿ ಉಜ್ಜಿಸಿಯೂ ಇಲ್ಲ. ನಾಳೆ ಹೋಗುತ್ತೇನೆ. ಥ್ಯಾಂಕ್ಸ್ ಕಣಮ್ಮಾ.

ನಡುಮನೆ:

ನಮ್ಮ ತಂದೆಯದು ಹೇಳುತ್ತೇನೆ. ಹೇಳಲು ನಾಚಿಕೆ ಅಂತ ಮೂರು ವರ್ಷ ಯಾರಿಗೂ ಹೇಳಿಲ್ಲ. 78 ವಯಸ್ಸಿನ ಅವರಿಗೆ ಅಮ್ಮನ ಮೇಲೆ ಅನುಮಾನ. ಅಮ್ಮನಿಗೆ 74. ಅಮ್ಮ ಬಟ್ಟೆ ಒಣಗಿಸಲು ಮೇಲೆ ಹೋದರೆ "ಯಾರನ್ನು ನೋಡಲು ಹೋಗಿದ್ದೆ?" ಅಂತ ಕೇಳುತ್ತಾರೆ. ಐವತ್ತು ವರ್ಷ ಒಂದು ಗಟ್ಟಿ ಮಾತಾಡದ ಮನುಷ್ಯ. ಅಮ್ಮ ಅಡುಗೆಮನೆಯಲ್ಲಿ ನಿಂತು ಒಬ್ಬರೇ ಅಳುತ್ತಾರೆ. "ಇಷ್ಟು ವರ್ಷ ಮನಸ್ಸಿನಲ್ಲಿ ಇದೇ ಇತ್ತೇನೋ, ಈಗ ಹೊರಗೆ ಬಂತು" ಅನ್ನುತ್ತಾರೆ. ಏನು ಹೇಳಿ ಸಮಾಧಾನ ಮಾಡಲಿ?

ವಾರ್ಡಿನವಳು:

ಅಣ್ಣಾ, ಅಮ್ಮನಿಗೆ ಒಂದು ಹಳೆಯ ಸಂಗತಿ ಹೇಳಿ. ಈ ಕಾಯಿಲೆಗೆ ಹೆಸರು ಬರಲು ಕಾರಣವಾದ ಮೊದಲ ರೋಗಿಯೂ ಹೀಗೇ ಶುರುವಾದವರು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 1901ರಲ್ಲಿ ಆಗುಸ್ಟೆ ಡೇಟರ್ ಅನ್ನುವ 51 ವರ್ಷದ ಹೆಂಗಸನ್ನು ಆಸ್ಪತ್ರೆಗೆ ಸೇರಿಸಿದರು. ಮನೆಯವರಿಗೆ ಮೊದಮೊದಲು ಕಂಡದ್ದೇ ಗಂಡನ ಮೇಲಿನ ಅನುಮಾನ. ವಸ್ತುಗಳನ್ನು ಬಚ್ಚಿಡುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆ ಅನ್ನುವ ಹೆದರಿಕೆ, ಕಿರುಚಾಟ ಎಲ್ಲ ಇತ್ತು. ಅವರನ್ನು ನೋಡಿಕೊಂಡ ಡಾಕ್ಟರ್ ಅಲೋಯಿಸ್ ಅಲ್ಝೈಮರ್. ಆಗುಸ್ಟೆ 1906ರಲ್ಲಿ ತೀರಿಕೊಂಡ ಮೇಲೆ ಆ ಡಾಕ್ಟರ್ ಆಕೆಯ ಮೆದುಳನ್ನು ಪರೀಕ್ಷಿಸಿ, ಅದೇ ವರ್ಷ ನವೆಂಬರಿನಲ್ಲಿ ಡಾಕ್ಟರುಗಳ ಸಭೆಯಲ್ಲಿ ವಿವರಿಸಿದರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ಅನ್ನುವ ಮನೋವೈದ್ಯರು ಕಾಯಿಲೆಗೆ ಅಲ್ಝೈಮರ್ ಹೆಸರನ್ನೇ ಇಟ್ಟರು. ಅಂದರೆ ಅನುಮಾನ, ಕಿರುಚಾಟ ಎಲ್ಲ ಈ ಕಾಯಿಲೆಗೆ ಆಮೇಲೆ ಅಂಟಿಕೊಂಡಿದ್ದಲ್ಲ. ಮೊದಲ ದಿನದಿಂದಲೂ ಅದರ ಭಾಗವೇ. ನಿಮ್ಮ ತಂದೆ ಐವತ್ತು ವರ್ಷ ಮುಚ್ಚಿಟ್ಟಿದ್ದನ್ನು ಈಗ ಹೇಳುತ್ತಿಲ್ಲ. ಅಮ್ಮ ಎದ್ದು ಹೋದದ್ದು ಅವರಿಗೆ ನೆನಪಿಲ್ಲ, ಅಮ್ಮ ಎದುರಿಗೆ ಇಲ್ಲ ಅನ್ನುವ ದಿಗಿಲು ಇದೆ. ಆ ಖಾಲಿ ಜಾಗಕ್ಕೆ ಕೆಟ್ಟು ಹೋದ ಮೆದುಳು ಒಂದು ಕಾರಣ ಕಟ್ಟುತ್ತದೆ. ಆ ಮಾತಿನ ಅಡಿಯಲ್ಲಿರುವುದು "ನನ್ನನ್ನು ಬಿಟ್ಟು ಹೋಗಬೇಡ" ಅನ್ನುವ ಭಯ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಮೇಲೆ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಬಟ್ಟೆ ಕ್ಲಿಪ್ಪುಗಳ ಡಬ್ಬಿ ಅವರ ಕೈಗೆ ಕೊಡಲಿ.

ಇನ್ನು ಎಲ್ಲರಿಗೂ ಒಟ್ಟಾಗಿ. ಈ ಲಕ್ಷಣಗಳಿಗೆ ಡಾಕ್ಟರುಗಳು ಬಿಪಿಎಸ್‌ಡಿ ಅನ್ನುತ್ತಾರೆ, ಡಿಮೆನ್ಷಿಯಾದ ನಡವಳಿಕೆ ಮತ್ತು ಮನಸ್ಸಿನ ಲಕ್ಷಣಗಳು ಅಂತ. 1996ರಲ್ಲಿ ಅಂತರರಾಷ್ಟ್ರೀಯ ವೃದ್ಧಾಪ್ಯ ಮನೋವೈದ್ಯ ಸಂಘದವರು ಸೇರಿ ಈ ಹೆಸರು ಗಟ್ಟಿ ಮಾಡಿದರು. ಡಿಮೆನ್ಷಿಯಾ ಇರುವ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಇವುಗಳಲ್ಲಿ ಒಂದಾದರೂ ಬರುತ್ತದೆ. ಆದ್ದರಿಂದ "ನಮ್ಮ ಮನೆಯಲ್ಲೇ ಯಾಕೆ ಹೀಗೆ" ಅಂತ ಕೊರಗಬೇಡಿ.

ಸಾಮಾನ್ಯವಾಗಿ ಕಾಣುವ ದಾರಿ ಇದು, ಎಲ್ಲರಿಗೂ ಹೀಗೇ ಅಲ್ಲ. ಶುರುವಿನಲ್ಲಿ ನಿರಾಸಕ್ತಿ, ಡಿಪ್ರೆಷನ್, ಕಳವಳ, ಸಣ್ಣದಕ್ಕೂ ಕಿರಿಕಿರಿ. ತನಗೆ ಏನೋ ಆಗುತ್ತಿದೆ ಅಂತ ಅವರಿಗೇ ಗೊತ್ತಿರುವ ಕಾಲ ಅದು, ಭಯ ಇರುವುದು ಸಹಜ. ನಡುವಿನ ಹಂತ ಮನೆಯವರಿಗೆ ಅತಿ ಕಷ್ಟ. ಕಳ್ಳತನದ ಅನುಮಾನ, ಇದು ನನ್ನ ಮನೆಯಲ್ಲ ಅನ್ನುವುದು, ಕನ್ನಡಿಯಲ್ಲಿ ತನ್ನನ್ನೇ ನೋಡಿ ಬೇರೆಯವರು ಅಂತ ಹೆದರುವುದು, ಟಿವಿಯಲ್ಲಿ ಇರುವವರು ಮನೆಯೊಳಗೆ ಬಂದಿದ್ದಾರೆ ಅನ್ನುವುದು, ಅಲೆದಾಟ, ಸಂಜೆಯ ಚಡಪಡಿಕೆ, ಸ್ನಾನಕ್ಕೆ ಜಗಳ. ಕೊನೆಯ ಹಂತದಲ್ಲಿ ಅನುಮಾನಗಳು ಎಷ್ಟೋ ಮಟ್ಟಿಗೆ ತಣ್ಣಗಾಗುತ್ತವೆ, ಯಾಕೆಂದರೆ ಕಥೆ ಕಟ್ಟುವ ಶಕ್ತಿಯೂ ಮೆದುಳಿಗೆ ಉಳಿದಿರುವುದಿಲ್ಲ. ಕೂಗುವುದು, ಮುಟ್ಟಿಸಿಕೊಳ್ಳದಿರುವುದು, ಹಗಲು ರಾತ್ರಿ ಅದಲು ಬದಲಾಗುವುದು, ಮತ್ತೆ ಆ ನಿರಾಸಕ್ತಿ ಉಳಿಯುತ್ತವೆ.

ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು, ಹೆಚ್ಚು ಕಾಲ ಉಳಿಯುವುದು ಈ ನಿರಾಸಕ್ತಿಯೇ. ಆದರೆ ಅದಕ್ಕೆ ಅಂತ ಆಸ್ಪತ್ರೆಗೆ ಬರುವವರು ಬಹಳ ಕಡಿಮೆ. ಕೂಗುವವರನ್ನು ಕರೆತರುತ್ತಾರೆ, ಸುಮ್ಮನೆ ಕೂತವರನ್ನು ಒಳ್ಳೆಯ ರೋಗಿ ಅನ್ನುತ್ತಾರೆ. ಹಿರಿಮಗಳು ಅಕ್ಕ ಬರೆದ ಆ ಅರ್ಧ ಹೊಲಿದ ಪರದೆ ಇದೆಯಲ್ಲ, ಅದನ್ನೇ ನಾವು ಬೇಗ ಗುರುತಿಸಬೇಕಾದದ್ದು. 50 ದಾಟಿದವರಲ್ಲಿ ಹಿಂದೆಂದೂ ಇರದ ನಡವಳಿಕೆ ಹೊಸದಾಗಿ ಶುರುವಾಗಿ 6 ತಿಂಗಳಾದರೂ ಹೋಗದಿದ್ದರೆ ಒಮ್ಮೆ ತೋರಿಸಿ. ಮರೆವು ಇಲ್ಲದಿದ್ದರೂ ತೋರಿಸಿ.

ಡಿಪ್ರೆಷನ್ ಬೇರೆ, ನಿರಾಸಕ್ತಿ ಬೇರೆ. ಡಿಪ್ರೆಷನ್ನಿನಲ್ಲಿ ದುಃಖ ಇರುತ್ತದೆ, "ನಾನು ಎಲ್ಲರಿಗೂ ಭಾರ" ಅನ್ನುವ ಮಾತು ಬರುತ್ತದೆ. ನಿರಾಸಕ್ತಿಯಲ್ಲಿ ದುಃಖವೂ ಇರುವುದಿಲ್ಲ, ಕೆಲಸ ಶುರು ಮಾಡುವ ಕೀಲಿಯೇ ಕಳೆದುಹೋಗಿರುತ್ತದೆ. "ಏನಾದರೂ ಮಾಡು" ಅಂದರೆ ಅವರಿಂದ ಆಗುವುದಿಲ್ಲ. ಕೈಗೆ ವಸ್ತು ಕೊಟ್ಟು, ಪಕ್ಕದಲ್ಲಿ ಕೂತು, ನಾವು ಶುರು ಮಾಡಿದರೆ ಎಷ್ಟೋ ಜನ ಮುಂದುವರಿಸುತ್ತಾರೆ.

ಬೇರೆ ದಾರಿ:

ನಮ್ಮ ಮನೆಯದು ಈ ದಾರಿಯಲ್ಲೇ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನನ್ನ ಹಾಗೆ ಇನ್ನೊಬ್ಬರು ಇದ್ದರೆ ಓದಲಿ.

ನನ್ನ ಗಂಡನಿಗೆ ಆಗ 52. ಮರೆವು ಒಂದಿಷ್ಟೂ ಇರಲಿಲ್ಲ. ಫೋನ್ ನಂಬರುಗಳು, ಲೆಕ್ಕ, ದಾರಿ ಎಲ್ಲ ಸರಿ. ಆದರೆ ಮನುಷ್ಯ ಬದಲಾದರು. ಸಾವಿನ ಮನೆಯಲ್ಲಿ ಜೋರಾಗಿ ನಕ್ಕರು. ಗುರುತಿಲ್ಲದವರ ಹತ್ತಿರ ಹೋಗಿ "ನೀವು ತುಂಬಾ ದಪ್ಪ ಆಗಿದ್ದೀರಿ" ಅಂದರು. ಸಿಹಿ ಎಷ್ಟು ಸಿಕ್ಕರೂ ಸಾಲದು. ನನಗೆ ಜ್ವರ ಬಂದು ಮೂರು ದಿನ ಎದ್ದಿರಲಿಲ್ಲ, ಹೇಗಿದ್ದೀಯ ಅಂತ ಒಂದು ಮಾತು ಕೇಳಲಿಲ್ಲ, ಊಟ ಯಾವಾಗ ಅಂತ ಮಾತ್ರ ಕೇಳಿದರು. ನಾನು ಇನ್ನು ನನ್ನ ಮೇಲೆ ಪ್ರೀತಿ ಇಲ್ಲ ಅಂತ ತೀರ್ಮಾನ ಮಾಡಿ ಅಮ್ಮನ ಮನೆಗೆ ಹೊರಟುಬಿಟ್ಟಿದ್ದೆ. ಮೊದಲು ತೋರಿಸಿದ ಕಡೆ ಡಿಪ್ರೆಷನ್ ಅಂದರು, ಆಮೇಲೆ ಇನ್ನೊಬ್ಬರು ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಿ ಅಂದರು. ಮೂರು ವರ್ಷ ಕಳೆದು ಮೆದುಳಿನ ಸ್ಕ್ಯಾನ್ ಮಾಡಿದ ಮೇಲೆ ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಅಂತ ಗೊತ್ತಾಯಿತು. ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಕುಗ್ಗುವ ಕಾಯಿಲೆ. ಹೆಚ್ಚಾಗಿ 45ರಿಂದ 65ರ ನಡುವೆ ಬರುತ್ತದಂತೆ. ಇದರಲ್ಲಿ ನಡವಳಿಕೆ ಮೊದಲು ಕೆಡುತ್ತದೆ, ನೆನಪು ಆಮೇಲೆ.

ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಇವರಿಗೆ ಕೆಲಸ ಮಾಡಲಿಲ್ಲ, ಚಡಪಡಿಕೆ ಜಾಸ್ತಿ ಮಾಡಿತು. ಈ ಕಾಯಿಲೆಯಲ್ಲಿ ಅದು ಹಾಗೇ ಅಂತ ಆಮೇಲೆ ಬಂದ ಡಾಕ್ಟರ್ ಹೇಳಿ ನಿಲ್ಲಿಸಿದರು. ಅದಕ್ಕೇ ಹೇಳುತ್ತೇನೆ, "ಡಿಮೆನ್ಷಿಯಾ" ಅಂದರೆ ಸಾಲದು, ಯಾವ ಡಿಮೆನ್ಷಿಯಾ ಅಂತ ಕೇಳಿ ತಿಳಿದುಕೊಳ್ಳಿ.

ಅವರ ಮುಖದಲ್ಲಿ ನನ್ನ ಬಗ್ಗೆ ಏನೂ ಇಲ್ಲದಿರುವುದನ್ನು ನೋಡುವುದು ಈಗಲೂ ಕಷ್ಟ. ಆದರೆ ಅದು ಅವರು ಮಾಡುತ್ತಿರುವುದಲ್ಲ ಅಂತ ಗೊತ್ತಾದ ದಿನ ನಾನು ಬ್ಯಾಗ್ ಬಿಚ್ಚಿ ಬಟ್ಟೆ ಮತ್ತೆ ಬೀರುವಿಗೆ ಇಟ್ಟೆ.

ಮೂರನೇ ಕೋಣೆ:

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಯಾವ ಡಿಮೆನ್ಷಿಯಾ ಅಂತ ಗೊತ್ತಿಲ್ಲದೆ ಮಾತ್ರೆ ಕೊಟ್ಟಿದ್ದಕ್ಕೆ ನಮ್ಮ ಅಪ್ಪ ಬಹಳ ಅನುಭವಿಸಿದರು.

ಅಪ್ಪನಿಗೆ ಮನೆಯಲ್ಲಿ ಮಕ್ಕಳು ಕಾಣುತ್ತಿದ್ದರು. ಮೂರು ಮಕ್ಕಳು, ಒಂದು ಹುಡುಗಿಗೆ ನೀಲಿ ಬಟ್ಟೆ. "ಅವಕ್ಕೆ ಹೊದಿಕೆ ಕೊಡು, ಚಳಿ" ಅನ್ನುತ್ತಿದ್ದರು. ಹೆದರುತ್ತಿರಲಿಲ್ಲ. ಒಂದು ದಿನ ಚುರುಕಾಗಿ ಪೇಪರ್ ಓದುತ್ತಿದ್ದರು, ಮರುದಿನ ಮಂಕು. ಇದಕ್ಕೂ ಏಳೆಂಟು ವರ್ಷ ಮೊದಲಿಂದ ನಿದ್ದೆಯಲ್ಲಿ ಒದೆಯುವುದು, ಕೂಗುವುದು, ಕನಸಿನಲ್ಲಿ ಯಾರನ್ನೋ ಹೊಡೆಯುವುದು ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಅಂತ ನಮಗೇನು ಗೊತ್ತು?

ಒಂದು ರಾತ್ರಿ ಗಲಾಟೆ ಜಾಸ್ತಿ ಆಯಿತು ಅಂತ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಭ್ರಮೆ, ಗಲಾಟೆ ತಗ್ಗಿಸುವ ಹ್ಯಾಲೊಪೆರಿಡಾಲ್ ಇಂಜೆಕ್ಷನ್ ಕೊಟ್ಟರು. ಬೆಳಗ್ಗೆ ನೋಡಿದರೆ ಅಪ್ಪನ ಮೈ ಮರದ ಕೊರಡು. ಕೈ ಮಡಚಲು ಬಾರದು, ಬಾಯಿ ಮುಚ್ಚಲು ಬಾರದು, ಜೊಲ್ಲು ಸುರಿಯುತ್ತಿದೆ. ಸ್ವಲ್ಪ ಚೇತರಿಸಿಕೊಳ್ಳಲು ಮೂರು ವಾರ ಹಿಡಿಯಿತು, ಮೊದಲಿನಂತೆ ನಡೆಯಲೇ ಇಲ್ಲ. ಅವರಿಗೆ ಇದ್ದದ್ದು ಲೂಯಿ ಬಾಡಿ ಡಿಮೆನ್ಷಿಯಾ. ಇದರಲ್ಲಿ ಇಂಥ ಔಷಧಿ ಅನೇಕರಿಗೆ ಸ್ವಲ್ಪವೂ ಆಗಿಬರುವುದಿಲ್ಲ, ಪ್ರಾಣಕ್ಕೇ ಕುತ್ತು. ಆಮೇಲೆ ರಿವಾಸ್ಟಿಗ್ಮಿನ್ ಅನ್ನುವ ಔಷಧಿಯ ಪಟ್ಟಿ ಮೈಗೆ ಅಂಟಿಸಲು ಕೊಟ್ಟರು, ಮಕ್ಕಳು ಬರುವುದು ಎಷ್ಟೋ ಕಡಿಮೆಯಾಯಿತು.

ಈಗ ಅಪ್ಪನ ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ: ಲೂಯಿ ಬಾಡಿ, ಹ್ಯಾಲೊಪೆರಿಡಾಲ್ ಕೊಡಬೇಡಿ. ರಾತ್ರಿ ಪಾಳಿಯ ಡಾಕ್ಟರ್ ಯಾರೇ ಇರಲಿ, ಮೊದಲು ಆ ಹಾಳೆ ಓದಬೇಕು.

ದಣಿದವನು:

ಎಲ್ಲರೂ ಮಾತ್ರೆ ಬೇಡ ಅನ್ನುತ್ತೀರಿ. ಸರಿ. ಆದರೆ ನಮ್ಮ ಮನೆಗೆ ಒಂದು ರಾತ್ರಿ ಬಂದು ನೋಡಿ. ಚಿಕ್ಕಮ್ಮ ಕೈಗೆ ಸಿಕ್ಕಿದ್ದು ಎಸೆಯುತ್ತಾರೆ. ಹೋದ ತಿಂಗಳು ನನ್ನ ಹೆಂಡತಿಯ ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಚಿಕ್ಕ ಮಗು ಇದೆ ಮನೆಯಲ್ಲಿ. ಪ್ರೀತಿಯಿಂದ ಮಾತಾಡಿ, ದೀಪ ಹಾಕಿ, ಹಾಡು ಹಾಕಿ, ಎಲ್ಲ ಮಾಡಿದೆವು. ಕೊನೆಗೆ ರಿಸ್ಪೆರಿಡೋನ್ ಅನ್ನುವ ಮಾತ್ರೆ ಶುರು ಮಾಡಿದ್ದೇವೆ. ನಾವು ಕೆಟ್ಟವರಾ?

ವಾರ್ಡಿನವಳು:

ಇಲ್ಲ ಅಣ್ಣಾ. ಖಂಡಿತ ಅಲ್ಲ. ನನ್ನ ಮಾತು ಹಾಗೆ ಕೇಳಿಸಿದ್ದರೆ ತಪ್ಪಾಯಿತು.

ಮಾತ್ರೆಯ ಬಗ್ಗೆ ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ರಿಸ್ಪೆರಿಡೋನ್ ಗುಂಪಿನ, ಅಂದರೆ ಭ್ರಮೆ, ಗಲಾಟೆ ತಗ್ಗಿಸುವ ಮಾತ್ರೆ ತೆಗೆದುಕೊಂಡವರ ಸಾವು, ಔಷಧಿ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಿಗಿಂತ 1.6ರಿಂದ 1.7 ಪಟ್ಟು ಇತ್ತು. ಸುಮಾರು 10 ವಾರದ ಪ್ರಯೋಗದಲ್ಲಿ ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 2.6 ಸಾವು, ಈ ಮಾತ್ರೆಯವರಲ್ಲಿ 4.5. ಹೆಚ್ಚಿನವು ಹೃದಯದ ತೊಂದರೆ, ಇಲ್ಲವೇ ನ್ಯುಮೋನಿಯಾದಂಥ ಸೋಂಕು. 2008ರಲ್ಲಿ ಹ್ಯಾಲೊಪೆರಿಡಾಲ್ ಥರದ ಹಳೆಯ ಔಷಧಿಗಳಿಗೂ ಅದೇ ಎಚ್ಚರಿಕೆ ಹಾಕಿದರು. ಪಾರ್ಶ್ವವಾಯು, ಬೀಳುವುದು, ಮಂಪರು, ಮೈ ಬಿಗಿತ ಬೇರೆ.

ಹಾಗಂತ ಎಂದೂ ಕೊಡಲೇಬಾರದು ಅಂತಲ್ಲ. ಅವರಿಗೋ ಬೇರೆಯವರಿಗೋ ಪೆಟ್ಟಾಗುವಂತಿದ್ದರೆ, ಭ್ರಮೆಯಿಂದ ಅವರೇ ನರಳುತ್ತಿದ್ದರೆ, ಬೇರೆಲ್ಲ ಮಾಡಿಯೂ ಆಗದಿದ್ದರೆ ಕೊಡುತ್ತಾರೆ. ನಿಮ್ಮ ಮನೆಯದು ಅಂಥದ್ದೇ. ಬ್ರಿಟನ್ನಿನಲ್ಲಿ ರಿಸ್ಪೆರಿಡೋನ್‌ಗೆ ಅನುಮತಿ ಇರುವುದು ಅಲ್ಝೈಮರ್‌ನ ನಡು ಅಥವಾ ತೀವ್ರ ಹಂತದ ಬಿಡದ ಆಕ್ರಮಣಕ್ಕೆ, ಅದೂ 6 ವಾರದವರೆಗೆ. 2023ರಲ್ಲಿ ಎಫ್‌ಡಿಎ ಅಲ್ಝೈಮರ್‌ನ ಚಡಪಡಿಕೆಗೆ ಅಂತಲೇ ಬ್ರೆಕ್ಸ್‌ಪಿಪ್ರಜೋಲ್‌ಗೆ ಒಪ್ಪಿಗೆ ಕೊಟ್ಟಿತು, ಸಾವಿನ ಎಚ್ಚರಿಕೆ ಅದರ ಮೇಲೂ ಇದೆ. ನೀವು ಮಾಡಬೇಕಾದದ್ದು ಇಷ್ಟು: ಅತಿ ಸಣ್ಣ ಡೋಸಿನಿಂದ ಶುರುವಾಗಿದೆಯಾ ಅಂತ ಕೇಳಿ. ಎಷ್ಟು ವಾರದ ಮೇಲೆ ಮತ್ತೆ ನೋಡುತ್ತೀರಿ, ಯಾವಾಗ ಇಳಿಸುತ್ತೀರಿ ಅಂತ ಶುರುವಿನಲ್ಲೇ ಕೇಳಿ. ನಾನು ಕಂಡ ಕೆಡುಕೆಲ್ಲ ಹೆಚ್ಚಾಗಿ ಇಲ್ಲೇ ಆಗಿದ್ದು, ಎರಡು ವಾರಕ್ಕೆ ಅಂತ ಬರೆದ ಮಾತ್ರೆ ಯಾರೂ ತಿರುಗಿ ನೋಡದೆ ಎರಡು ವರ್ಷ ನಡೆದಿರುತ್ತದೆ. ಆದರೆ ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ.

ಬೇರೆ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಅಲರ್ಜಿಗೂ ನಿದ್ದೆಗೂ ಅಂತ ನುಂಗುವ ಡೈಫೆನ್‌ಹೈಡ್ರಮಿನ್, ಇಂಥವೇ ಎಷ್ಟೋ ಸಲ ಗೊಂದಲ ಹೆಚ್ಚಿಸುತ್ತವೆ. ಡೊನೆಪೆಜಿಲ್ ರಾತ್ರಿ ತೆಗೆದುಕೊಂಡು ಕೆಟ್ಟ ಕನಸು ಬೀಳುವವರೂ ಇದ್ದಾರೆ. ಡಾಕ್ಟರನ್ನು ಕೇಳಿ ಬೆಳಗ್ಗೆಗೆ ಬದಲಾಯಿಸಿದರೆ ಅಷ್ಟಕ್ಕೇ ಸರಿಹೋಗುವುದುಂಟು.

ಹೆಂಡತಿಯ ಗಾಯ ಈಗ ಹೇಗಿದೆ?

ದಣಿದವನು:

ಹೊಲಿಗೆ ಬಿಚ್ಚಿದರು. ಕೇಳಿದ್ದಕ್ಕೆ ಥ್ಯಾಂಕ್ಸ್. ಚಿಕ್ಕಮ್ಮನ ವಿಷಯ ಎಲ್ಲರೂ ಕೇಳುತ್ತಾರೆ, ಅವಳನ್ನು ಯಾರೂ ಕೇಳಿರಲಿಲ್ಲ. ಎಷ್ಟು ವಾರ ಅಂತ ನಾವು ಡಾಕ್ಟರನ್ನು ಕೇಳಿಯೇ ಇಲ್ಲ. ಸೋಮವಾರ ಕೇಳುತ್ತೇನೆ.

ಸಂಜೆ ಬಾಗಿಲು:

ಇಲ್ಲಿ ಹೊಸಬಳು. ಮಾವನಿಗೆ ನಡು ಹಂತ ಅಂತ ಕಾಣುತ್ತದೆ. ಸಂಜೆ ಐದೂವರೆ, ಆರು ಆದರೆ ಚೀಲ ತೆಗೆದುಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. "ಮನೆಗೆ ಹೋಗಬೇಕು, ಅಮ್ಮ ಕಾಯುತ್ತಿರುತ್ತಾರೆ" ಅನ್ನುತ್ತಾರೆ. ಅವರ ಅಮ್ಮ ತೀರಿಕೊಂಡು ಮೂವತ್ತು ವರ್ಷ. ಇದೇ ನಿಮ್ಮ ಮನೆ ಅಂದರೆ ಕೋಪ. ಅಮ್ಮ ಇಲ್ಲ ಅಂತ ನಿಜ ಹೇಳಿದರೆ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಅಳುತ್ತಾರೆ. ಸುಳ್ಳು ಹೇಳಲು ನನ್ನ ಗಂಡ ಒಪ್ಪುವುದಿಲ್ಲ. ಏನು ಮಾಡಲಿ?

ಹಿರಿಮಗಳು:

ತಂಗೀ, ಇದನ್ನು ನಾನು ಎರಡು ವರ್ಷ ಅನುಭವಿಸಿದ್ದೇನೆ. ನನ್ನ ಅಮ್ಮ ಹುಟ್ಟಿದ ಮನೆ ಈಗ ಇಲ್ಲ. ಆದರೂ ದಿನಾ ಅಲ್ಲಿಗೆ ಹೊರಡುತ್ತಿದ್ದರು. ನನಗೆ ತಿಳಿದದ್ದು ಇಷ್ಟು: ಅವರು ಕೇಳುವ ಮನೆ ಗೋಡೆ ಬಾಗಿಲು ಇರುವ ಮನೆ ಅಲ್ಲ. ಭಯ ಇಲ್ಲದ ಜಾಗ. ನಿಜ ಹೇಳುವುದಾ, ಸುಳ್ಳು ಹೇಳುವುದಾ ಅಂತ ನಾವು ಜಗಳ ಆಡುತ್ತೇವೆ, ಅವರಿಗೆ ಬೇಕಾದದ್ದು ಎರಡೂ ಅಲ್ಲ. "ಅಮ್ಮನ ನೆನಪಾಯಿತಾ ಮಾವ? ಅವರು ನಿಮ್ಮನ್ನು ಏನಂತ ಕರೆಯುತ್ತಿದ್ದರು?" ಅಂತ ಕೇಳಿ ನೋಡಿ. ಇದರಲ್ಲಿ ಸುಳ್ಳಿಲ್ಲ. ನಿಮ್ಮ ಗಂಡನಿಗೂ ಒಪ್ಪಿಗೆ ಆಗಬಹುದು. ಆಮೇಲೆ ಜೊತೆಗೆ ನಾಲ್ಕು ಹೆಜ್ಜೆ ಹೊರಗೆ ಹೋಗಿ ಬನ್ನಿ. ತಡೆಯಬೇಡಿ, ಜೊತೆಗೆ ಹೋಗಿ. ತಡೆದಾಗಲೇ ಅಮ್ಮ ನನ್ನನ್ನು ಹೊಡೆದದ್ದು.

ಮೂರನೇ ಕೋಣೆ:

ಇದಕ್ಕೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ಲ ಸಲ ಈ ಉಪಾಯ ನಡೆಯುವುದಿಲ್ಲ, ರಾತ್ರಿ ಒಂದು ಗಂಟೆಗೆ ಯಾರು ನಾಲ್ಕು ಹೆಜ್ಜೆ ಹೊರಗೆ ಹೋಗುತ್ತಾರೆ? ಆಗ "ಬೆಳಗಾಗಲಿ, ಹೋಗೋಣ" ಅಂತ ನಾನು ಹೇಳಿದ್ದೇನೆ. ಸುಳ್ಳೇ. ಅಪ್ಪ ಮಲಗಿದರು. ಆದರೆ ಮಕ್ಕಳು ಕಾಣುತ್ತಾರೆ ಅಂದಾಗ "ಹೌದು, ನನಗೂ ಕಾಣುತ್ತಾರೆ" ಅಂತ ಎಂದೂ ಹೇಳಲಿಲ್ಲ. "ನನಗೆ ಕಾಣುತ್ತಿಲ್ಲ ಅಪ್ಪ, ಆದರೆ ನಿಮಗೆ ಕಾಣುತ್ತಿದೆ ಅಂತ ನಂಬುತ್ತೇನೆ" ಅಂದೆ. ಯಾಕೋ ಅಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಚುರುಕಾಗಿರುವ ದಿನ ನನ್ನನ್ನು ನಂಬದೆ ಹೋದರೆ ಅನ್ನುವ ಹೆದರಿಕೆ ಇತ್ತು.

ವಾರ್ಡಿನವಳು:

ಇಬ್ಬರದೂ ಸರಿ. ಹಂತ ನೋಡಿ ಮಾತಾಡಬೇಕು. ಶುರುವಿನ ಹಂತದವರಿಗೆ ಸುಳ್ಳು ಗೊತ್ತಾಗುತ್ತದೆ, ಮನಸ್ಸು ಒಡೆಯುತ್ತದೆ.

ಸಂಜೆಯ ಚಡಪಡಿಕೆಗೆ ಕಾರಣ ಒಂದೇ ಅಲ್ಲ. ಹಗಲು ರಾತ್ರಿಯ ಲೆಕ್ಕ ಇಡುವ ಗಡಿಯಾರ ಮೆದುಳಿನೊಳಗೇ ಇದೆ, ಈ ಕಾಯಿಲೆಯಲ್ಲಿ ಅದೂ ಹಾಳಾಗುತ್ತದೆ. ದಿನವಿಡೀ ಅರ್ಥ ಮಾಡಿಕೊಳ್ಳಲು ಒದ್ದಾಡಿ ಸುಸ್ತಾಗಿರುತ್ತಾರೆ. ಬೆಳಕು ಕಮ್ಮಿಯಾದಾಗ ನೆರಳುಗಳು ಮನುಷ್ಯರಂತೆ ಕಾಣುತ್ತವೆ. ಹಸಿವು, ಮೂತ್ರಕ್ಕೆ ಹೋಗಬೇಕು ಅನ್ನುವುದು ಹೇಳಲು ಬಾರದು. ಅಂಥ ಹೊತ್ತಿನಲ್ಲೇ ಮನೆಯವರೆಲ್ಲ ಹೊರಗಿಂದ ಬಂದು ಗದ್ದಲ ಹೆಚ್ಚುತ್ತದೆ. ಕತ್ತಲಾಗುವ ಮೊದಲೇ, ನಾಲ್ಕು ಗಂಟೆಗೇ ಎಲ್ಲ ದೀಪ ಹಾಕಿ. ಬೆಳಗ್ಗೆ ಹೊರಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ. ಮಧ್ಯಾಹ್ನದ ನಿದ್ದೆ ಉದ್ದ ಆಗದಂತೆ ನೋಡಿ. ಚೀಲ ಹಿಡಿಯುವ ಮೊದಲೇ ಅಂದರೆ ಐದು ಗಂಟೆಗೇ ಶೌಚಕ್ಕೆ ಕರೆದುಕೊಂಡು ಹೋಗಿ, ಹೊಟ್ಟೆಗೆ ಏನಾದರೂ ಕೊಡಿ.

ಒಂದು ನೋಟ್‌ಬುಕ್ ಇಡಿ. ಏನಾಯಿತು, ಎಷ್ಟು ಗಂಟೆಗೆ, ಅದಕ್ಕೂ ಮೊದಲು ಏನು ನಡೆಯಿತು, ಆಮೇಲೆ ನೀವು ಏನು ಮಾಡಿದಿರಿ. "ಗಲಾಟೆ ಮಾಡಿದರು" ಅಂತ ಬರೆಯಬೇಡಿ, "5.40ಕ್ಕೆ ಕುಕ್ಕರ್ ಕೂಗಿತು, ಎದ್ದು ಬಾಗಿಲಿಗೆ ಹೋದರು" ಅಂತ ಬರೆಯಿರಿ. ಒಂದು ವಾರ ಬರೆದರೆ ನಿಮಗೇ ಏನೋ ಕಾಣಿಸುತ್ತದೆ. ಡಾಕ್ಟರಿಗೂ ಅದೇ ಬೇಕು.

ಹಿರಿಮಗಳು:

ಆಸ್ಪತ್ರೆಗೆ ಹೋಗಿ ಬಂದೆ. ಮೂತ್ರ ಪರೀಕ್ಷೆ ಸರಿ ಇತ್ತು. ಬಾಯಿ ನೋಡಿದ ಹಲ್ಲಿನ ಡಾಕ್ಟರ್ ಕೂಡಲೇ ನನ್ನನ್ನು ಹತ್ತಿರ ಕರೆದು ಟಾರ್ಚ್ ಹಿಡಿದು ತೋರಿಸಿದರು. ಎಡಗಡೆ ಹಿಂದಿನ ದವಡೆ ಹಲ್ಲು ಮುರಿದು ಮೊನೆ ಆಗಿದೆ. ಆ ಮೊನೆ ನಾಲಿಗೆಯ ಅಂಚಿಗೆ ತಾಗಿ ತಾಗಿ ಕಡಲೆ ಬೀಜದಷ್ಟು ಹುಣ್ಣು. ಬುಡದಲ್ಲಿ ಕೀವು. ಹತ್ತು ದಿನದಿಂದ ನಾನು ಆ ಬಾಯಿಗೆ ಚಮಚ ತುರುಕುತ್ತಿದ್ದೆ. ಬಾಯಿ ತೆರೆ ತೆರೆ ಅಂತ ಗದರಿದೆ. ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ.

ಆ್ಯಂಟಿಬಯಾಟಿಕ್ ಮತ್ತು ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ. ಮೊನೆ ಉಜ್ಜಿ ನುಣುಪು ಮಾಡಿದರು, ಹಲ್ಲು ಆಮೇಲೆ ತೆಗೆಯುತ್ತಾರಂತೆ. ಮೂರು ದಿನ ಆಯಿತು. ಕೂಗು ನಿಂತಿದೆ. ನಿನ್ನೆ ಅರ್ಧ ಬಟ್ಟಲು ಊಟ ಸೇರಿತು.

ವಾರ್ಡಿನವಳು:

ಅಕ್ಕಾ, ನಿಮ್ಮನ್ನು ನೀವು ಬಯ್ದುಕೊಳ್ಳಬೇಡಿ. ವಾರ್ಡಿನಲ್ಲಿ ಓದಿ ಬಂದ ನಮಗೂ ಇದು ತಪ್ಪಿ ಹೋಗುತ್ತದೆ. ನಾರ್ವೆಯಲ್ಲಿ 18 ವೃದ್ಧರ ಆರೈಕೆ ಮನೆಗಳಲ್ಲಿ 352 ಜನರ ಮೇಲೆ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ನಡು ಅಥವಾ ತೀವ್ರ ಹಂತದ ಡಿಮೆನ್ಷಿಯಾ, ಚಡಪಡಿಕೆ ಇತ್ತು. ಒಂದು ಗುಂಪಿಗೆ 8 ವಾರ ನೋವಿನ ಔಷಧಿ ಹಂತ ಹಂತವಾಗಿ ಕೊಟ್ಟರು, ಹೆಚ್ಚಿನವರಿಗೆ ಬರೀ ಪ್ಯಾರಾಸಿಟಮಾಲ್. ಆ ಗುಂಪಿನಲ್ಲಿ ಚಡಪಡಿಕೆ ಸರಾಸರಿ ನೂರಕ್ಕೆ 17ರಷ್ಟು ಇಳಿಯಿತು. ಇದನ್ನು ಓದಿದ ಮೇಲೆ ನಮ್ಮ ವಾರ್ಡಿನಲ್ಲಿ ಯಾರು ಕೂಗಿದರೂ ಮೊದಲು ಬಾಯಿ, ಹೊಟ್ಟೆ, ಕಾಲಿನ ಉಗುರು, ಮಲಗಿದ ಕಡೆ ಹುಣ್ಣು ಇದೆಯಾ ಅಂತ ನೋಡುವುದು ರೂಢಿ ಮಾಡಿಕೊಂಡೆವು.

ನಡುಮನೆ:

ಹಿರಿಮಗಳು ಅಕ್ಕ, ಓದಿ ಕಣ್ಣು ತುಂಬಿತು. ನಮ್ಮದು ಹೇಳುತ್ತೇನೆ. ಆ ಜರ್ಮನಿ ಹೆಂಗಸಿನ ವಿಷಯ ಅಮ್ಮನಿಗೆ ಹೇಳಿದೆ. ಎರಡು ಸಲ ಹೇಳಿಸಿಕೊಂಡರು. "ಅವಳ ಗಂಡನಿಗೂ ಹೀಗೇ ಅನಿಸಿರಬೇಕು ಅಲ್ವಾ" ಅಂದರು. ಕ್ಲಿಪ್ ಡಬ್ಬಿ ಉಪಾಯವೂ ನಡೆಯುತ್ತಿದೆ, ಅಪ್ಪ ಒಂದೊಂದೇ ಕ್ಲಿಪ್ ಎತ್ತಿ ಅಮ್ಮನ ಕೈಗೆ ಕೊಡುತ್ತಾರೆ. ಅನುಮಾನ ಪೂರ್ತಿ ಹೋಗಿಲ್ಲ. ರಾತ್ರಿ ಹೊತ್ತು ಬರುತ್ತದೆ. ಆದರೆ ಅಮ್ಮ ಈಗ ಅಡುಗೆಮನೆಗೆ ಹೋಗಿ ಅಳುವುದಿಲ್ಲ, ಅಪ್ಪನ ಪಕ್ಕದಲ್ಲೇ ಕೂರುತ್ತಾರೆ.

ಹಿರಿಮಗಳು:

ಇನ್ನೊಂದು ಸಂಗತಿ ಬರೆಯಲೇಬೇಕು. ಅಮ್ಮನ ಬೆರಳು ಸುಮ್ಮನೆ ಇರುವುದಿಲ್ಲ, ಹೊದಿಕೆಯ ಅಂಚು ಕಿವುಚುತ್ತಾ ಇರುತ್ತಾರೆ. ಕೈ ಸರಿಸುತ್ತಿದ್ದೆವು, ಅದಕ್ಕೂ ಸಿಟ್ಟು ಬರುತ್ತಿತ್ತು. ಮೊನ್ನೆ ಆ ಹಳೆಯ ಪರದೆ ನೆನಪಾಯಿತು. ಟ್ರಂಕಿನಿಂದ ತೆಗೆದು ಅರ್ಧ ಹೊಲಿದ ಅಂಚು ಅವರ ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಅಂಚು ಮಡಚುತ್ತಾ, ಒತ್ತುತ್ತಾ, ಮುಂದೆ ಸರಿಸುತ್ತಾ ಹೋದರು, ಹೊಲಿಯುವ ಮೊದಲು ಮಡಿಕೆ ಕೂರಿಸುತ್ತಿದ್ದರಲ್ಲ, ಹಾಗೇ. ಮುಕ್ಕಾಲು ಗಂಟೆ. ಬಾಯಲ್ಲಿ ಒಂದು ಮಾತಿಲ್ಲ. ನಾನು ಪಕ್ಕದಲ್ಲಿ ಕೂತು ಇನ್ನೊಂದು ತುದಿ ಹಿಡಿದುಕೊಂಡಿದ್ದೆ.

ಸಂಜೆ ಬಾಗಿಲು:

ಇವತ್ತು ನಾಲ್ಕು ಗಂಟೆಗೇ ದೀಪ ಹಾಕಿದೆ. ಐದಕ್ಕೆ ಮಾವನನ್ನು ಶೌಚಕ್ಕೆ ಕಳಿಸಿದ್ದಾಯಿತು. ಆರೂ ಹತ್ತಕ್ಕೆ ಚೀಲ ತೆಗೆದುಕೊಂಡರು, ಆದರೆ ಬಾಗಿಲಿಗೆ ಹೋಗಲಿಲ್ಲ, ಕುರ್ಚಿಯಲ್ಲೇ ಮಡಿಲಲ್ಲಿ ಇಟ್ಟುಕೊಂಡು ಕೂತರು. ಅಮ್ಮ ಏನಂತ ಕರೆಯುತ್ತಿದ್ದರು ಅಂತ ನನ್ನ ಗಂಡನೇ ಕೇಳಿದರು. ಮಾವ ಒಂದು ಹೆಸರು ಹೇಳಿದರು. ಅದನ್ನು ನನ್ನ ಗಂಡ ಇವತ್ತಿನವರೆಗೂ ಕೇಳಿರಲಿಲ್ಲವಂತೆ. ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ನಾಳೆ ಏನಾಯಿತು ಅಂತ ಹಾಕುತ್ತೇನೆ.